ಆತ್ಮಹತ್ಯೆ ವಂಶದಿಂದ ಬರುತ್ತದೆಯೇ?

(ಅಂಕೋಲಾ ತಾಲೂಕಿನ ಹಿಲ್ಲೂರಿನಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯರಿಗಾಗಿ ಏರ್ಪಡಿಸಿದ್ದ ಮಾಹಿತಿ ಕಾರ್ಯಕ್ರಮದಲ್ಲಿ ನಮ್ಮ ಸಂಸ್ಥೆಯ ಸಮಾಜ ಕಾರ್ಯಕರ್ತೆ ಸಿಸ್ಟರ್ ಒಬ್ಬರು ನೀಡಿದ ಉಪನ್ಯಾಸದ ಬರಹ ರೂಪ)



ಉಳಿತಾಯ, ಸಾಲ, ಹಪ್ಪಳ ಸಂಡಿಗೆ, ಕೋಳಿ ಸಾಕಾಣಿಕೆ ಇವುಗಳ ಬಗ್ಗೆ ಮಾತಾಡುವುದು ಸುಲಭ. ಇವತ್ತಿನ ವಿಷಯ ಹಾಗಲ್ಲ. ಆತ್ಮಹತ್ಯೆ ಅನ್ನುವ ಶಬ್ದ ಬಂದ ಕೂಡಲೇ ನಾವೆಲ್ಲ ಧ್ವನಿ ತಗ್ಗಿಸುತ್ತೇವೆ. ಮಕ್ಕಳು ಹತ್ತಿರ ಇದ್ದರೆ ಮಾತು ಬದಲಿಸುತ್ತೇವೆ. ಆದರೆ ಮನೆ ಭೇಟಿಗೆ ಹೋದಾಗ ಒಂದು ಪ್ರಶ್ನೆಯನ್ನು ನಾನು ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಬಾಯಿಂದ ಕೇಳಿದ್ದೇನೆ. "ಸಿಸ್ಟರ್, ಇವರ ಅಪ್ಪನೂ ಕುಡಿದು ಕುಡಿದು ಹಾಗೇ ಹೋದ್ರು. ದೊಡ್ಡಪ್ಪನೂ ಹಾಗೇ. ಈಗ ನನ್ನ ಮಗ ಹದಿನೈದು ವರ್ಷದವ. ಅವನಿಗೂ ಅದು ಬರ್ತದಾ?"

ಈ ಪ್ರಶ್ನೆ ಕೇಳುವ ತಾಯಿಗೆ ನಿದ್ದೆ ಇಲ್ಲ. ಮಗ ಸ್ವಲ್ಪ ಮಂಕಾಗಿ ಕೂತರೂ ಅವಳ ಎದೆ ಹೊಡೆದುಕೊಳ್ಳುತ್ತದೆ. ಇನ್ನು ಕೆಲವರು ಪ್ರಶ್ನೆಯನ್ನೇ ಕೇಳುವುದಿಲ್ಲ, ತೀರ್ಮಾನವನ್ನೇ ಮಾಡಿಬಿಡುತ್ತಾರೆ. ಹೆಣ್ಣು ಕೊಡುವ ಮಾತು ಬಂದಾಗ "ಆ ಮನೆ ಬೇಡ ಮಾರಾಯ್ರೆ, ಅಲ್ಲಿ ಅದು ವಂಶದಲ್ಲೇ ಉಂಟು" ಅನ್ನುತ್ತಾರೆ. ಕೆಲವರು ಶಾಪ ಅನ್ನುತ್ತಾರೆ, ಕೆಲವರು ಗ್ರಹಚಾರ ಅನ್ನುತ್ತಾರೆ. ಆದ್ದರಿಂದ ಈ ಪ್ರಶ್ನೆಗೆ ವಿಜ್ಞಾನ ಏನು ಉತ್ತರ ಹೇಳುತ್ತದೆ ಅನ್ನುವುದನ್ನು ಇವತ್ತು ನೇರವಾಗಿ ನೋಡೋಣ.

ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸ್ವಲ್ಪ ಒಲವು ವಂಶದಿಂದ ಬರುತ್ತದೆ, ಅದು ಸುಳ್ಳಲ್ಲ. ಆದರೆ ಸಾವು ವಂಶದಿಂದ ಬರುವುದಿಲ್ಲ. ಒಲವಿಗೂ ಸಾವಿಗೂ ನಡುವೆ ತುಂಬಾ ದಾರಿ ಇದೆ. ಆ ದಾರಿಯಲ್ಲಿ ನಾವು ಅಡ್ಡ ನಿಲ್ಲಬಹುದು.

ಸಂಖ್ಯೆ ಏನು ಹೇಳುತ್ತದೆ?

ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು. ಕರ್ನಾಟಕದಲ್ಲಿ ಆ ಒಂದೇ ವರ್ಷ 13,606 ಮಂದಿ. ಹೆಚ್ಚು ಆತ್ಮಹತ್ಯೆ ದಾಖಲಾದ ಐದು ರಾಜ್ಯಗಳಲ್ಲಿ ನಮ್ಮದೂ ಒಂದು. ಸತ್ತವರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ದಿನಗೂಲಿ ಕಾರ್ಮಿಕರು. ಗೃಹಿಣಿಯರು 25 ಸಾವಿರಕ್ಕೂ ಹೆಚ್ಚು.

ಕಾರಣದ ಪಟ್ಟಿಯಲ್ಲಿ "ಕೌಟುಂಬಿಕ ಸಮಸ್ಯೆ" ಮೊದಲು ಬರುತ್ತದೆ, ಸುಮಾರು ಶೇಕಡಾ 32. "ಕುಡಿತ ಮತ್ತು ಮಾದಕ ವಸ್ತು" ಅಂತ ಬರೆದದ್ದು ಶೇಕಡಾ 7ರ ಹತ್ತಿರ ಮಾತ್ರ. ಆದರೆ ನೀವೇ ಹೇಳಿ, ಕೌಟುಂಬಿಕ ಸಮಸ್ಯೆ ಅಂತ ಬರೆದ ಮನೆಗಳಲ್ಲಿ ಎಷ್ಟು ಕಡೆ ಆ ಸಮಸ್ಯೆಯ ಬುಡದಲ್ಲಿ ಬಾಟಲಿ ಇರುವುದಿಲ್ಲ? ಪೊಲೀಸರ ಫಾರಂನಲ್ಲಿ ಒಂದು ಕಾರಣ ಬರೆಯಲು ಒಂದೇ ಜಾಗ. ಮನುಷ್ಯನ ಬದುಕಿನಲ್ಲಿ ಕಾರಣ ಒಂದೇ ಆಗಿರುವುದಿಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾಕ್ಟರ್ ಗುರುರಾಜ್ ಮತ್ತು ಅವರ ಸಂಗಡಿಗರು ಇದನ್ನು ಬೇರೆ ರೀತಿ ನೋಡಿದರು. ಬೆಂಗಳೂರಿನಲ್ಲಿ ಆತ್ಮಹತ್ಯೆಯಿಂದ ಸತ್ತ 269 ಮಂದಿಯ ಮನೆಯವರನ್ನು ಮಾತಾಡಿಸಿದರು. ಅಷ್ಟೇ ಸಂಖ್ಯೆಯ ಬದುಕಿರುವವರ ಜೊತೆ ಹೋಲಿಸಿ ನೋಡಿದರು. 2004ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಂಡದ್ದು ಒಂದು ಕಾರಣ ಅಲ್ಲ. ಕುಡಿತ, ಮನೆಯೊಳಗಿನ ಹೊಡೆತ ಬಡಿತ, ಮಾನಸಿಕ ಕಾಯಿಲೆ, ಹಿಂದೆ ಒಮ್ಮೆ ಪ್ರಯತ್ನಿಸಿದ್ದು, ಕೈ ಬರಿದಾದದ್ದು, ಇವೆಲ್ಲ ಒಂದರ ಮೇಲೆ ಒಂದು ಸೇರಿಕೊಂಡದ್ದು. ಹೆಂಗಸರ ವಿಷಯದಲ್ಲಿ ಗಂಡನ ಕುಡಿತವೂ ಕಂಡುಬಂತು. ಅಂದರೆ ಕುಡಿಯುವವನು ಒಬ್ಬ, ಅಪಾಯ ಇಬ್ಬರಿಗೆ.

ರಕ್ತದಲ್ಲಿ ಬರುವುದು ಎಷ್ಟು?

"ಮಗ ಅಪ್ಪನ ಹಾಗೇ ಆದ" ಅಂದರೆ ಅದು ರಕ್ತದಿಂದಲೋ, ಅಪ್ಪನನ್ನು ನೋಡಿ ಕಲಿತದ್ದೋ? ಒಂದೇ ಮನೆಯಲ್ಲಿ ಬೆಳೆದವರನ್ನು ನೋಡಿದರೆ ಇದು ಗೊತ್ತಾಗುವುದಿಲ್ಲ. ಅದಕ್ಕಾಗಿ ಡೆನ್ಮಾರ್ಕ್ ದೇಶದಲ್ಲಿ ದತ್ತು ಮಕ್ಕಳ ದಾಖಲೆ ನೋಡಿದರು. ಚಿಕ್ಕಂದಿನಲ್ಲೇ ಬೇರೆ ಮನೆಗೆ ದತ್ತು ಹೋಗಿ, ದೊಡ್ಡವರಾದ ಮೇಲೆ ಆತ್ಮಹತ್ಯೆಯಿಂದ ಸತ್ತ 57 ಮಂದಿ ಸಿಕ್ಕಿದರು. ಅವರನ್ನು ಹೆತ್ತ ಕಡೆಯ 269 ಬಂಧುಗಳಲ್ಲಿ 12 ಮಂದಿ ಅದೇ ರೀತಿ ಸತ್ತಿದ್ದರು. ಹೋಲಿಕೆಗಾಗಿ ತೆಗೆದುಕೊಂಡ ಬೇರೆ 57 ದತ್ತು ಮಕ್ಕಳ ಹೆತ್ತ ಕಡೆಯ 269 ಬಂಧುಗಳಲ್ಲಿ ಅಂಥವರು 2 ಮಾತ್ರ. ಈ ಅಧ್ಯಯನ 1979ರಲ್ಲಿ ಪ್ರಕಟವಾಯಿತು. ನೋಡದೆ, ಒಟ್ಟಿಗೆ ಬೆಳೆಯದೆ ಇದ್ದರೂ ಏನೋ ಒಂದು ಬಂದಿದೆ ಅನ್ನುವುದು ಇದರಿಂದ ತಿಳಿಯಿತು.

ಆದರೆ ಅದೇ ಲೆಕ್ಕವನ್ನು ಇನ್ನೊಂದು ಬದಿಯಿಂದ ಓದಿ. 269 ಬಂಧುಗಳಲ್ಲಿ 12 ಮಂದಿ ಸತ್ತರು ಅಂದರೆ 257 ಮಂದಿ ಹಾಗೆ ಸಾಯಲಿಲ್ಲ. ಅಪಾಯ ಹೆಚ್ಚು ಇದ್ದ ಮನೆತನಗಳಲ್ಲೂ ಅಷ್ಟು ಜನ ತಮ್ಮ ಬದುಕು ಬದುಕಿದರು. ನನ್ನ ಮಗನಿಗೂ ಬರ್ತದಾ ಅಂತ ಕೇಳುವ ತಾಯಿ ಈ 257ನ್ನು ನೆನಪಿಡಬೇಕು.

ಬರುವುದಾದರೂ ಏನು? "ಆತ್ಮಹತ್ಯೆಯ ಜೀನ್" ಅಂತ ಒಂದು ಇಲ್ಲ. ಇತ್ತೀಚೆಗೆ ಲಕ್ಷಾಂತರ ಜನರ ರಕ್ತ ಪರೀಕ್ಷಿಸಿ ನೋಡಿದಾಗ ಕಂಡದ್ದು, ಅನೇಕಾನೇಕ ಜೀನುಗಳು, ಒಂದೊಂದರ ಪ್ರಭಾವ ಸಾಸಿವೆಯಷ್ಟು. ಅವು ಕೊಡುವುದು ಸಾವಲ್ಲ, ಸ್ವಭಾವ. ಬೇಗ ಸಿಟ್ಟು ಬರುವುದು, ಯೋಚಿಸದೆ ಕೈ ಎತ್ತಿಬಿಡುವುದು, ಸಣ್ಣ ಮಾತೂ ಆಳಕ್ಕೆ ನಾಟುವುದು, ಖಿನ್ನತೆಯ ಕಡೆ ವಾಲುವುದು. ಅಂಥ ಸ್ವಭಾವದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ, ಚೆನ್ನಾಗಿಯೇ ಇದ್ದಾರೆ.

ಕುಡಿತದ ಚಟಕ್ಕೂ ಹೀಗೆಯೇ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಚಟಕ್ಕೆ ಬೀಳುವುದರಲ್ಲಿ ಜನಜನರ ನಡುವೆ ಕಾಣುವ ವ್ಯತ್ಯಾಸದ ಅರ್ಧದಷ್ಟು ಅನುವಂಶೀಯ. ಇದನ್ನು "ಕುಡುಕನ ಮಗ ಅರ್ಧ ಕುಡುಕ" ಅಂತ ಅರ್ಥ ಮಾಡಿಕೊಳ್ಳಬೇಡಿ. ಇದು ಸಾವಿರಾರು ಜನರ ಲೆಕ್ಕ, ನಿಮ್ಮ ಮಗನ ಜಾತಕ ಅಲ್ಲ.

ಇಲ್ಲಿ ಗಂಡಸರು ಕೇಳಬೇಕಾದ ಒಂದು ಮಾತಿದೆ. "ನಮ್ಮವ ಎಷ್ಟು ಕುಡಿದ್ರೂ ಅಲುಗಾಡೂದಿಲ್ಲ, ಗಟ್ಟಿ ಆಳು" ಅಂತ ಹೆಮ್ಮೆಯಿಂದ ಹೇಳುವುದುಂಟು, ಅಲ್ವಾ? ಅಮೆರಿಕದ ಮಾರ್ಕ್ ಶಕಿಟ್ ಎಂಬ ವೈದ್ಯರು ಕುಡಿತದ ಚಟವಿದ್ದ ಅಪ್ಪಂದಿರ ಗಂಡುಮಕ್ಕಳನ್ನು ಇಪ್ಪತ್ತರ ವಯಸ್ಸಿನಲ್ಲಿ ಪರೀಕ್ಷಿಸಿ, ಸುಮಾರು ಹತ್ತು ವರ್ಷಗಳ ನಂತರ ಪುನಃ ನೋಡಿದರು. ಯಾರಿಗೆ ಕುಡಿದರೂ ಅಷ್ಟಾಗಿ ಅಮಲೇರುತ್ತಿರಲಿಲ್ಲವೋ ಅವರಲ್ಲಿ ಶೇಕಡಾ 56 ಮಂದಿ ಚಟಕ್ಕೆ ಬಿದ್ದಿದ್ದರು. ಯಾರಿಗೆ ಸ್ವಲ್ಪಕ್ಕೇ ತಲೆ ತಿರುಗುತ್ತಿತ್ತೋ ಅವರಲ್ಲಿ ಶೇಕಡಾ 14 ಮಾತ್ರ. ಅಂದರೆ ಅಲುಗಾಡದೇ ಇರುವುದು ಗಟ್ಟಿತನ ಅಲ್ಲ, ಅಪಾಯದ ಗುರುತು. ಸಾಕು ಅನ್ನುವ ಗಂಟೆ ಅವನ ದೇಹದಲ್ಲಿ ಬಾರಿಸುವುದಿಲ್ಲ. ಇಂಥ ಮನೆಯ ಹುಡುಗ ಮೊದಲ ಲೋಟವನ್ನೇ ಮುಟ್ಟದಿದ್ದರೆ ಆ ಜೀನು ಏನೂ ಮಾಡಲಾರದು.

ಈ ಸಂಶೋಧನೆ ಬರೀ ಪರದೇಶದ್ದಲ್ಲ. ನಿಮ್ಹಾನ್ಸ್‌ನ ಡಾಕ್ಟರ್ ವಿವೇಕ್ ಬೆನೆಗಲ್ ಮತ್ತು ಸಂಗಡಿಗರು ಬ್ರಿಟನ್ನಿನ ವಿಜ್ಞಾನಿಗಳ ಜೊತೆ ಸೇರಿ 6ರಿಂದ 23 ವರ್ಷದೊಳಗಿನ 9 ಸಾವಿರ ಮಕ್ಕಳು ಮತ್ತು ಯುವಕರ ಅಧ್ಯಯನ ನಡೆಸಿದ್ದಾರೆ. ಬೆಂಗಳೂರು, ಮೈಸೂರು ಸೇರಿದಂತೆ ದೇಶದ ಹಲವು ಕಡೆಯ ಮಕ್ಕಳು ಅದರಲ್ಲಿದ್ದಾರೆ. ಜೀನು, ಬಡತನ, ಮನೆಯ ಕಷ್ಟ, ಪರಿಸರ ಇವೆಲ್ಲ ಸೇರಿ ಮಕ್ಕಳ ಮಿದುಳನ್ನೂ ನಡತೆಯನ್ನೂ ಹೇಗೆ ರೂಪಿಸುತ್ತವೆ ಅನ್ನುವುದನ್ನು ನಮ್ಮ ಮಕ್ಕಳಲ್ಲೇ ನೋಡುವುದು ಅದರ ಉದ್ದೇಶ.

ಚಿಕ್ಕಂದಿನಲ್ಲಿ ಕಂಡದ್ದು

ಎರಡನೆಯದು ಬಾಲ್ಯ. 1998ರಲ್ಲಿ ಅಮೆರಿಕದ ಇಬ್ಬರು ವೈದ್ಯರು, ಫೆಲಿಟಿ ಮತ್ತು ಆಂಡಾ, ಸಾವಿರಾರು ದೊಡ್ಡವರಿಗೆ ಬಾಲ್ಯದ ಬಗ್ಗೆ ಪ್ರಶ್ನೆ ಕೇಳಿದ ಅಧ್ಯಯನ ಪ್ರಕಟಿಸಿದರು. ಮನೆಯಲ್ಲಿ ಹೊಡೆಯುತ್ತಿದ್ದರಾ? ತಾಯಿಗೆ ಹೊಡೆಯುವುದನ್ನು ನೋಡಿದ್ದೀರಾ? ಯಾರಾದರೂ ಮೈಮೇಲೆ ಕೈ ಹಾಕಿದ್ದರಾ? ಮನೆಯಲ್ಲಿ ಕುಡಿಯುವವರಿದ್ದರಾ? ಮನೆಯಲ್ಲಿ ಯಾರಾದರೂ ಆತ್ಮಹತ್ಯೆಗೆ ಪ್ರಯತ್ನಿಸಿದ್ದರಾ? ಹೀಗೆ. ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟ ಕಂಡವರಿಗೆ, ಏನೂ ಕಾಣದವರಿಗಿಂತ, ಕುಡಿತದ ಚಟ, ಖಿನ್ನತೆ, ಆತ್ಮಹತ್ಯೆ ಪ್ರಯತ್ನ ಇವುಗಳ ಅಪಾಯ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚಿತ್ತು.

ನಾವು ಅನ್ನುತ್ತೇವೆ, "ಮಗು ಸಣ್ಣದು, ಅದಕ್ಕೇನು ತಿಳೀತದೆ, ಮರೆತು ಹೋಗ್ತದೆ." ಬಾಯಿ ಮರೆಯಬಹುದು, ಮೈ ಮರೆಯುವುದಿಲ್ಲ. ಕೆನಡಾದ ಮಾಂಟ್ರಿಯಲ್ ನಗರದ ವಿಜ್ಞಾನಿಗಳು 2009ರಲ್ಲಿ ಒಂದು ಮುಖ್ಯ ವಿಷಯ ಪ್ರಕಟಿಸಿದರು. ಸತ್ತವರ ಮಿದುಳನ್ನು ಪರೀಕ್ಷಿಸಿದಾಗ, ಬಾಲ್ಯದಲ್ಲಿ ಹಿಂಸೆ ಅನುಭವಿಸಿ ಮುಂದೆ ಆತ್ಮಹತ್ಯೆಯಿಂದ ಸತ್ತವರಲ್ಲಿ, ಭಯ ಮತ್ತು ಒತ್ತಡವನ್ನು ತಗ್ಗಿಸುವ ಒಂದು ಜೀನಿನ ಕೆಲಸ ಕುಗ್ಗಿತ್ತು. ಹಿಂಸೆ ಅನುಭವಿಸದೆ ಅದೇ ರೀತಿ ಸತ್ತವರಲ್ಲಿ ಈ ಗುರುತು ಇರಲಿಲ್ಲ. ಜೀನು ಬದಲಾಗಿರಲಿಲ್ಲ, ಅದರ ಮೇಲೆ ಬೀಗ ಬಿದ್ದಂತೆ ಆಗಿತ್ತು. ಮನೆಯಲ್ಲಿ ಬೆಂಕಿ ಆರಿದ ಮೇಲೂ ಒಲೆ ಕೆಂಡ ಬಿಸಿ ಇರುವ ಹಾಗೆ, ಅಂಥ ಮಗುವಿನ ಮೈಯಲ್ಲಿ ಭಯ ಆರುವುದಿಲ್ಲ. ದೊಡ್ಡವನಾದ ಮೇಲೆ ಸಣ್ಣ ಜಗಳವೂ ಅವನಿಗೆ ದೊಡ್ಡ ಅಪಾಯದಂತೆ ಕಾಣುತ್ತದೆ.

ಅದೇ ತಂಡದ ಕೆಲವರು ಮೊದಲು ಇಲಿಗಳಲ್ಲಿ ಇದನ್ನು ನೋಡಿದ್ದರು. ಮರಿಯನ್ನು ಹೆಚ್ಚು ನೆಕ್ಕಿ ಆರೈಕೆ ಮಾಡುವ ತಾಯಿ ಇಲಿಯ ಮರಿಗಳು ಧೈರ್ಯವಾಗಿ ಬೆಳೆದವು. ಆರೈಕೆ ಮಾಡದ ತಾಯಿಯ ಮರಿಯನ್ನು ಹುಟ್ಟಿದ ಕೂಡಲೇ ಆರೈಕೆ ಮಾಡುವ ತಾಯಿಯ ಹತ್ತಿರ ಬಿಟ್ಟರೆ, ಆ ಮರಿಯೂ ಧೈರ್ಯದ ಮರಿಯೇ ಆಯಿತು. ಹೆತ್ತವಳು ಯಾರು ಅನ್ನುವುದಕ್ಕಿಂತ ಮೈ ಸವರಿದವಳು ಯಾರು ಅನ್ನುವುದು ಅಲ್ಲಿ ದೊಡ್ಡದಾಯಿತು. ಅಜ್ಜಿ, ಚಿಕ್ಕಮ್ಮ, ಅಂಗನವಾಡಿ ಕಾರ್ಯಕರ್ತೆ, ಪಕ್ಕದ ಮನೆಯ ಅಕ್ಕ, ನಿಮ್ಮ ಕೆಲಸ ಎಷ್ಟು ದೊಡ್ಡದು ನೋಡಿ.

ಕುಡಿತ ಮಾಡುವುದೇನು?

ಮೂರನೆಯದು ಕುಡಿತ. ಇದು ಎರಡು ರೀತಿ ಕೆಲಸ ಮಾಡುತ್ತದೆ. ನಿಧಾನವಾಗಿ ಒಂದು, ಒಂದೇ ರಾತ್ರಿಯಲ್ಲಿ ಇನ್ನೊಂದು.

ನಿಧಾನವಾಗಿ ಅಂದರೆ ವರ್ಷಗಳ ಕುಡಿತ ಮನಸ್ಸನ್ನು ಖಿನ್ನತೆಗೆ ತಳ್ಳುತ್ತದೆ, ಕೆಲಸ ಹೋಗುತ್ತದೆ, ಸಾಲ ಬೆಳೆಯುತ್ತದೆ, ಹೆಂಡತಿ ತವರಿಗೆ ಹೋಗುತ್ತಾಳೆ, ಮಾತಾಡಿಸುವವರು ಇಲ್ಲದಂತಾಗುತ್ತದೆ. "ದುಃಖ ಮರೆಯಲು ಕುಡೀತೇನೆ" ಅನ್ನುವವನ ದುಃಖವನ್ನು ಕುಡಿತವೇ ಬೆಳೆಸುತ್ತಿರುತ್ತದೆ.

ಒಂದೇ ರಾತ್ರಿಯಲ್ಲಿ ಅಂದರೆ ಅಮಲು ಯೋಚನೆಯ ಬ್ರೇಕ್ ತೆಗೆದುಬಿಡುತ್ತದೆ. ಬೆಳಿಗ್ಗೆ ಆಗಿದ್ದರೆ "ನೋಡೋಣ, ನಾಳೆ ಮಾತಾಡೋಣ" ಅನ್ನುತ್ತಿದ್ದವನು ಅಮಲಿನಲ್ಲಿ ಈಗಲೇ ಎಲ್ಲ ಮುಗಿಸಬೇಕು ಅನ್ನುತ್ತಾನೆ. ಅನೇಕ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಕುಡಿದ ಆ ಹೊತ್ತಿನಲ್ಲಿ ಆತ್ಮಹತ್ಯೆ ಪ್ರಯತ್ನದ ಅಪಾಯ ಕುಡಿಯದ ಹೊತ್ತಿಗಿಂತ ಆರೇಳು ಪಟ್ಟು ಹೆಚ್ಚು ಅಂತ ಕಂಡಿದೆ. ಚಟ ಇಲ್ಲದವನಿಗೂ ಇದು ಅನ್ವಯಿಸುತ್ತದೆ.

ಕುಡಿದು ಜಗಳ ಮಾಡಿ "ಸಾಯ್ತೇನೆ" ಅಂದರೆ ಎಲ್ಲರೂ ನಗುತ್ತಾರೆ. "ದಿನಾ ಹೇಳ್ತಾನೆ, ಏನೂ ಮಾಡೂದಿಲ್ಲ" ಅನ್ನುತ್ತಾರೆ. ದಯವಿಟ್ಟು ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಗುಡ್ಡ ಏಕೆ ಜರಿಯುತ್ತದೆ?

ಇವು ಮೂರೂ ಹೇಗೆ ಸೇರುತ್ತವೆ? 2024ರ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ನಾವು ಯಾರೂ ಮರೆತಿಲ್ಲ. ಆವತ್ತು ಮಳೆ ಜೋರಿತ್ತು. ಆದರೆ ಅದೇ ಮಳೆ ಜಿಲ್ಲೆಯ ಎಷ್ಟೋ ಗುಡ್ಡಗಳ ಮೇಲೆ ಬಿತ್ತು, ಎಲ್ಲವೂ ಜರಿಯಲಿಲ್ಲ. ಮಣ್ಣಿನ ಗುಣ ಒಂದು, ರಸ್ತೆಗಾಗಿ ಬುಡ ಕಡಿದದ್ದು ಒಂದು, ಬಿಡದೆ ಸುರಿದ ಮಳೆ ಒಂದು. ಮೂರೂ ಸೇರಿದಲ್ಲಿ ಅನಾಹುತ ಆಯಿತು.

ಮನುಷ್ಯನದ್ದೂ ಹಾಗೆಯೇ. ಜೀನು ಮಣ್ಣಿನ ಗುಣ. ಬಾಲ್ಯದ ಏಟು ಬುಡ ಕಡಿದ ಹಾಗೆ. ಕುಡಿತ ಮಳೆ. ಮಣ್ಣಿನ ಗುಣವನ್ನು ನಾವು ಬದಲಾಯಿಸಲಾರೆವು. ಆದರೆ ಬುಡ ಕಡಿಯದೆ ಇರಬಹುದು. ಕಡಿದಾಗಿದ್ದರೆ ಗೋಡೆ ಕಟ್ಟಬಹುದು. ಮಳೆ ನೀರು ಒಳಗೆ ಇಳಿಯದಂತೆ ಗಟಾರ ಮಾಡಬಹುದು. ದೇವರು ಕೊಟ್ಟ ಆಕಾಶದ ಮಳೆ ನಮ್ಮ ಕೈಯಲ್ಲಿಲ್ಲ, ಬಾಟಲಿಯ ಮಳೆ ನಮ್ಮ ಕೈಯಲ್ಲಿದೆ.

ಇನ್ನೊಂದು ಮಾತು. ಕುಡಿಯುವ ಅಪ್ಪ ಮಗನಿಗೆ ಜೀನನ್ನೂ ಕೊಡುತ್ತಾನೆ, ಹೊಡೆತ ಬಡಿತದ ಬಾಲ್ಯವನ್ನೂ ಕೊಡುತ್ತಾನೆ, ಮನೆಯ ಮೂಲೆಯಲ್ಲಿ ಬಾಟಲಿಯನ್ನೂ ತೋರಿಸುತ್ತಾನೆ. ಮೂರೂ ಒಂದೇ ಬಾಗಿಲಿಂದ ಬರುವುದರಿಂದ ನಮಗೆ ಅದು ವಂಶ, ಶಾಪ ಅಂತ ಕಾಣುತ್ತದೆ. ಬಿಡಿಸಿ ನೋಡಿದರೆ ಮೂರರಲ್ಲಿ ಎರಡನ್ನು ತಡೆಯಬಹುದು.

ನಮ್ಮ ತಾಲೂಕಿನ ಒಬ್ಬ ತಾಯಿ

ಇದು ಸಾಧ್ಯವಾ ಅಂತ ಕೇಳುವವರಿಗೆ ದೂರದ ಉದಾಹರಣೆ ಬೇಡ. ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ನೀವೆಲ್ಲ ಬಲ್ಲಿರಿ. ಹಾಲಕ್ಕಿ ಹಾಡುಗಳ ಭಂಡಾರ ಅಂತ 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಸಾಕಿದ ಮಗನನ್ನು ಕುಡಿತಕ್ಕೆ ಕಳಕೊಂಡವರು ಅವರು. ಹಣೆಬರಹ ಅಂತ ಮೂಲೆಯಲ್ಲಿ ಕೂರಬಹುದಿತ್ತು. ಕೂರಲಿಲ್ಲ. ಊರ ಹೆಂಗಸರನ್ನು ಸೇರಿಸಿ ಸಾರಾಯಿ ಮಾರಾಟದ ವಿರುದ್ಧ ನಿಂತರು. ಓದು ಬರಹ ಇಲ್ಲದ ತಾಯಿ ಅವರು. ವಿಜ್ಞಾನಿಗಳು ಸಂಶೋಧನೆ ಮಾಡಿ ಹೇಳುವುದನ್ನು ಅವರು ಬದುಕಿನಿಂದ ಕಂಡುಕೊಂಡಿದ್ದರು: ಸಾರಾಯಿ ಕೈಗೆ ಸಿಗುವುದು ಕಷ್ಟವಾದಷ್ಟೂ ಮನೆಗಳು ಉಳಿಯುತ್ತವೆ.

2007ರ ಜುಲೈಯಲ್ಲಿ ಸರಕಾರ ರಾಜ್ಯದಲ್ಲಿ ಸಾರಾಯಿ ನಿಷೇಧ ಮಾಡಿತು. ಕೊಟ್ಟೆ ಸಾರಾಯಿ ಹೋಯಿತು, ಆದರೆ ಕುಡಿತ ಹೋಗಲಿಲ್ಲ, ಬೇರೆ ಬಾಟಲಿ ಬಂತು. ಅದಕ್ಕಾಗಿ ಮಾರಾಟ ತಡೆಯುವುದರ ಜೊತೆ ಚಿಕಿತ್ಸೆಯೂ ಬೇಕು.

ನಾವು ಏನು ಮಾಡಬಹುದು?

1. ಕುಡಿತವನ್ನು ಕಾಯಿಲೆ ಅಂತ ತಿಳಿದು ಚಿಕಿತ್ಸೆ ಕೊಡಿಸಿ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಕುಡಿತದ ತೊಂದರೆ ಇರುವ ಹತ್ತು ಮಂದಿಯಲ್ಲಿ ಎಂಟಕ್ಕೂ ಹೆಚ್ಚು ಮಂದಿಗೆ ಯಾವ ಚಿಕಿತ್ಸೆಯೂ ಸಿಕ್ಕಿರಲಿಲ್ಲ. ನಮ್ಮ ಪಕ್ಕದ ಗೋವಾದಲ್ಲಿ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದು ಪ್ರಯೋಗ ನಡೆಯಿತು, 2017ರಲ್ಲಿ ಪ್ರಕಟವಾಯಿತು. ಡಾಕ್ಟರರಲ್ಲ, ತರಬೇತಿ ಪಡೆದ ಊರಿನ ಸಾಮಾನ್ಯ ಜನರೇ ಕುಡಿಯುವವರ ಜೊತೆ ಕೂತು ಕೆಲವು ಬಾರಿ ಆಪ್ತ ಸಮಾಲೋಚನೆ ಮಾಡಿದರು. ಮೂರು ತಿಂಗಳ ನಂತರ ಹಿಂದಿನ ಎರಡು ವಾರ ಪೂರ್ತಿ ಕುಡಿಯದೇ ಇದ್ದವರು ಅವರಲ್ಲಿ ಶೇಕಡಾ 42, ಸಮಾಲೋಚನೆ ಸಿಗದವರಲ್ಲಿ ಶೇಕಡಾ 18. ಮದ್ಯವರ್ಜನ ಶಿಬಿರ, ಆಲ್ಕೋಹಾಲಿಕ್ಸ್ ಅನಾನಿಮಸ್ ಕೂಟ, ಆಸ್ಪತ್ರೆ, ಯಾವುದು ಹತ್ತಿರವೋ ಅದು. ಯಾವ ಜಾತಿ ಧರ್ಮದವರು ನಡೆಸುತ್ತಾರೆ ಅಂತ ನೋಡಬೇಡಿ.

2. ದಿನಾ ಜೋರಾಗಿ ಕುಡಿಯುವವನನ್ನು ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ಕೈ ನಡುಕ, ಫಿಟ್ಸ್, ಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯ. ಡಾಕ್ಟರ ನಿಗಾದಲ್ಲಿ ಬಿಡಿಸಿ. ಪೇಪರಿನಲ್ಲಿ ಜಾಹೀರಾತು ನೋಡಿ ಸಾರಿನಲ್ಲಿ ಗುಟ್ಟಾಗಿ ಪುಡಿ ಬೆರೆಸುವುದೂ ಅಪಾಯವೇ. ಬಿಟ್ಟ ಮೇಲಿನ ಮೊದಲ ತಿಂಗಳುಗಳಲ್ಲಿ ಮನಸ್ಸು ಕುಗ್ಗುತ್ತದೆ. ಆಗ ಬೈಗುಳ ಬೇಡ, ಜೊತೆ ಬೇಕು.

3. ಕೇಳಲು ಹೆದರಬೇಡಿ. "ಸಾಯಬೇಕು ಅನ್ನಿಸ್ತದಾ?" ಅಂತ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಬದಲಿಗೆ ಒಳಗಿದ್ದದ್ದು ಹೊರಗೆ ಬರುತ್ತದೆ. ಹೌದು ಅಂದರೆ ಉಪದೇಶ ಮಾಡದೆ ಕೇಳಿ, ಒಬ್ಬರನ್ನೇ ಬಿಡಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಮೊದಲೊಮ್ಮೆ ಪ್ರಯತ್ನಿಸಿದವರು, ಹೊಸದಾಗಿ ಮನೆಯಲ್ಲಿ ಸಾವು ಕಂಡವರು, ಹಠಾತ್ತನೆ ಎಲ್ಲ ವಸ್ತು ಹಂಚುವವರು, ವಿದಾಯದ ಮಾತಾಡುವವರು, ಇವರ ಮೇಲೆ ಹೆಚ್ಚು ಗಮನ ಇರಲಿ.

4. ಕಷ್ಟದ ದಿನಗಳಲ್ಲಿ ತೋಟದ ಔಷಧಿ, ಹೆಚ್ಚಿನ ಮಾತ್ರೆ ಇಂಥವನ್ನು ಮನೆಯಿಂದಲೇ ದೂರ ಇಡಿ, ನಂಬಿಕೆಯವರ ಹತ್ತಿರ ಕೊಡಿ. ಸಾಯುವವರು ಹೇಗಾದರೂ ಸಾಯುತ್ತಾರೆ ಅನ್ನುವುದು ತಪ್ಪು. ಶ್ರೀಲಂಕಾದಲ್ಲಿ 1995ರ ಸುಮಾರಿಗೆ ಆತ್ಮಹತ್ಯೆ ಪ್ರಮಾಣ ಪ್ರಪಂಚದಲ್ಲೇ ಅತಿ ಹೆಚ್ಚಿನದರಲ್ಲಿ ಒಂದಾಗಿತ್ತು. ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದರು. ಇಪ್ಪತ್ತು ವರ್ಷಗಳಲ್ಲಿ ಅದು ಶೇಕಡಾ 70ರಷ್ಟು ಇಳಿಯಿತು. ಆ ಗಳಿಗೆ ದಾಟಿದರೆ ಮನುಷ್ಯ ಬದುಕುತ್ತಾನೆ.

5. ಬದುಕಿ ಉಳಿದವರನ್ನು ಮರೆಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ ಸೇರಿದಂತೆ ಐದು ದೇಶಗಳ ಐದು ಊರುಗಳಲ್ಲಿ ಪ್ರಯೋಗ ನಡೆಸಿತು. ಪ್ರಯತ್ನಿಸಿ ಬದುಕಿದವರಿಗೆ ಆಸ್ಪತ್ರೆಯಲ್ಲೇ ಒಂದು ಗಂಟೆ ತಿಳಿವಳಿಕೆ ಕೊಟ್ಟು, ನಂತರ 18 ತಿಂಗಳಲ್ಲಿ ಒಂಬತ್ತು ಸಲ ಫೋನ್ ಮಾಡಿ ಅಥವಾ ಮನೆಗೆ ಹೋಗಿ ವಿಚಾರಿಸಿದರು. ಇಷ್ಟೇ. ಅವರಲ್ಲಿ ಮುಂದೆ ಆತ್ಮಹತ್ಯೆಯಿಂದ ಸತ್ತವರು ಸಾವಿರಕ್ಕೆ 2. ಹಾಗೆ ವಿಚಾರಿಸದವರಲ್ಲಿ ಸಾವಿರಕ್ಕೆ 22. ಹೇಗಿದ್ದೀರಿ ಅಂತ ಒಂಬತ್ತು ಸಲ ಕೇಳುವುದು ನಮ್ಮ ಸಂಘಕ್ಕೆ ಆಗದ ಕೆಲಸವಾ?

6. ಅಂಥ ಮನೆಯ ಮಕ್ಕಳಿಗೆ ಒಬ್ಬರಾದರೂ ದೊಡ್ಡವರು ಬೇಕು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿ ನೋಡಿದರು. ಬಡತನ, ಕುಡಿತ, ಜಗಳದ ಮನೆಗಳಲ್ಲಿ ಬೆಳೆದ ಮಕ್ಕಳಲ್ಲೂ ಮೂರರಲ್ಲಿ ಒಬ್ಬರು ಸಮರ್ಥರಾಗಿ, ನೆಮ್ಮದಿಯಾಗಿ ಬೆಳೆದರು. ಅವರ ಬದುಕಿನಲ್ಲಿ ಸಾಮಾನ್ಯವಾಗಿ ಕಂಡದ್ದು, ನಂಬಬಹುದಾದ ಒಬ್ಬ ದೊಡ್ಡವರು. ಅಪ್ಪನೇ ಆಗಬೇಕೆಂದಿಲ್ಲ. ಅಜ್ಜ ಆಗಬಹುದು, ಮೇಷ್ಟ್ರು ಆಗಬಹುದು. ಮನೆಯಲ್ಲಿ ಮಗುವಿಗೆ ಹಿಂಸೆ ಆಗುತ್ತಿದ್ದರೆ 1098ಕ್ಕೆ ಫೋನ್ ಮಾಡಿ.

ಇನ್ನು ಆ ತಾಯಿಯ ಮಗನ ವಿಷಯ. ಅವನಿಗೆ ಅಜ್ಜನ ಕಥೆ ಮುಚ್ಚಿಡಬೇಡಿ. ಸಕ್ಕರೆ ಕಾಯಿಲೆ ಇರುವ ಮನೆಯಲ್ಲಿ ಮಕ್ಕಳಿಗೆ "ನಮ್ಮಲ್ಲಿ ಶುಗರ್ ಉಂಟು, ನೀನು ಜಾಗ್ರತೆ" ಅಂತ ಹೇಳುವುದಿಲ್ಲವಾ? ಹಾಗೇ ಹೇಳಿ: "ನಮ್ಮ ಮನೆಯವರಿಗೆ ಕುಡಿತ ಬೇಗ ಹಿಡೀತದೆ. ಹಾಗಾಗಿ ನೀನು ಶುರುವೇ ಮಾಡಬೇಡ. ಮನಸ್ಸಿಗೆ ಬೇಜಾರಾದ್ರೆ ನನ್ನ ಹತ್ರ ಹೇಳು, ರಾತ್ರಿ ಎಷ್ಟು ಹೊತ್ತಾದ್ರೂ ಸರಿ." ಹೆದರಿಸುವುದಕ್ಕಲ್ಲ, ಎಚ್ಚರಕ್ಕೆ.

ಕಾನೂನಿನ ಭಯ, ಜನರ ಬಾಯಿ

ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರಿ ಆಸ್ಪತ್ರೆಗೆ ತಡವಾಗಿ ಕರೆತರುವುದುಂಟು. ಮಾನಸಿಕ ಆರೋಗ್ಯ ಕಾಯ್ದೆ 2017, ಕಲಂ 115ರ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತ ತಿಳಿಯಬೇಕು, ಅವರಿಗೆ ಚಿಕಿತ್ಸೆ ಮತ್ತು ಪುನರ್ವಸತಿ ಕೊಡುವುದು ಸರಕಾರದ ಕರ್ತವ್ಯ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಂ ಇಲ್ಲ. ಆಸ್ಪತ್ರೆಯವರು ದಾಖಲೆ ಮಾಡಿಕೊಳ್ಳಬಹುದು, ಅದು ಶಿಕ್ಷೆ ಅಲ್ಲ. ಒಂದು ನಿಮಿಷವೂ ತಡ ಮಾಡಬೇಡಿ.

ಜನರ ಬಾಯಿಗೆ ಕಾನೂನು ಇಲ್ಲ, ನಾವೇ ಬೀಗ ಹಾಕಬೇಕು. ನಮ್ಮ ಧರ್ಮಸಭೆಯಲ್ಲೂ ಹಿಂದೆ ಹೀಗೆ ಸತ್ತವರಿಗೆ ಅಂತ್ಯಕ್ರಿಯೆಯ ವಿಧಿ ನಿರಾಕರಿಸುತ್ತಿದ್ದರು. 1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ಆ ನಿಷೇಧ ಇಲ್ಲ. ಸತ್ತವನ ಮನಸ್ಸಿನಲ್ಲಿ ಏನಿತ್ತು ಅಂತ ತೀರ್ಪು ಕೊಡುವುದು ನಮ್ಮ ಕೆಲಸ ಅಲ್ಲ. ಉಳಿದವರ ಮನೆಗೆ ಗಂಜಿ ಒಯ್ಯುವುದು, ಮಕ್ಕಳನ್ನು ಶಾಲೆಗೆ ಕಳಿಸುವುದು, ಆ ಮನೆಯ ಹೆಣ್ಣನ್ನು "ಬೇಡ" ಅನ್ನದಿರುವುದು ನಮ್ಮ ಕೆಲಸ. ದೂರ ಇಟ್ಟರೆ ಆ ಮಕ್ಕಳ ಬುಡವನ್ನು ನಾವೇ ಇನ್ನಷ್ಟು ಕಡಿದ ಹಾಗೆ ಆಗುತ್ತದೆ.

ಕೊನೆಯದಾಗಿ ಒಂದು ನಂಬರ್ ಬರೆದುಕೊಳ್ಳಿ: 14416. ಇದು ಟೆಲಿ ಮಾನಸ್, ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಉಚಿತ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೂಲಕ ಸರಕಾರಿ ಆಸ್ಪತ್ರೆಯಲ್ಲೂ ಚಿಕಿತ್ಸೆ ಇದೆ. ಯಾವ ದಿನ ಡಾಕ್ಟರ್ ಬರುತ್ತಾರೆ ಅಂತ ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಳ್ಳಿ.

ಮುಂದಿನ ಸಭೆಗೆ ಬರುವಾಗ ಒಂದು ಕೆಲಸ ಮಾಡಿಕೊಂಡು ಬನ್ನಿ. ನಿಮ್ಮ ಕೇರಿಯಲ್ಲಿ ಇಂಥ ಸಾವು ಕಂಡ ಒಂದು ಮನೆ ಇರಬಹುದು. ಏನೂ ಕೇಳಬೇಡಿ, ಏನೂ ಉಪದೇಶ ಮಾಡಬೇಡಿ. ಸುಮ್ಮನೆ ಹೋಗಿ ಹತ್ತು ನಿಮಿಷ ಕೂತು, ಒಂದು ಲೋಟ ಚಹಾ ಕುಡಿದು ಬನ್ನಿ. ಹದಿನೈದು ದಿನ ಬಿಟ್ಟು ಪುನಃ ಹೋಗಿ.

ಪ್ರಶ್ನೆ ಇದ್ದವರು ಎಲ್ಲರ ಎದುರು ಕೇಳಬೇಕೆಂದಿಲ್ಲ, ಕಾರ್ಯಕ್ರಮ ಮುಗಿದ ಮೇಲೆ ನಾನು ಇಲ್ಲೇ ಜಗಲಿಯ ಮೇಲೆ ಕೂತಿರುತ್ತೇನೆ.